ಮಕ್ಕಳ ಉಸಿರಿನ ಫೀನೋ ಟೆಸ್ಟ್: ಐದು ಸಲ ಊದಿಸಿದ ಮೇಲೆ ಒಬ್ಬ ಅಮ್ಮನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟ್ರಲ್ಲ, ಉಬ್ಬಸ ಇರೋ ಎಂಟು ವರ್ಷದ ಹುಡುಗಿಯ ಅಮ್ಮ ಅಷ್ಟೇ. ಒಂದೂವರೆ ವರ್ಷದಲ್ಲಿ ಮಗಳಿಗೆ ಐದು ಸಲ ಫೀನೋ ಟೆಸ್ಟ್ ಮಾಡ್ಸಿದೀವಿ, ಎರಡು ಬೇರೆ ಬೇರೆ ಕಡೆ. ಮೊದಲನೇ ಸಲ ನಮಗೆ ಇದರಿಂದ ನಷ್ಟನೇ ಆಯ್ತು, ಮೂರನೇ ಸಲ ಇದೇ ಟೆಸ್ಟು ನಮ್ಮ ಕಣ್ಣು ತೆರೆಸ್ತು. ಹಾಗಾಗಿ ಮಾಡ್ಸಬೇಕಾ ಬೇಡ್ವಾ ಅಂತ ಯೋಚನೆ ಮಾಡ್ತಿರೋ ಅಪ್ಪ ಅಮ್ಮಂದಿರಿಗೆ ಉಪಯೋಗ ಆಗ್ಲಿ ಅಂತ ಪೂರ್ತಿ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ.

ಫೀನೋ ಅಂದ್ರೆ ಏನು ಅಂದ್ರೆ, ನಾವು ಹೊರಗೆ ಬಿಡೋ ಉಸಿರಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನೋ ಗ್ಯಾಸ್ ಎಷ್ಟಿದೆ ಅಂತ ಅಳೆಯೋದು. ಇದು ಆಪರೇಷನ್ ಮಾಡುವಾಗ ಕೊಡೋ ನಗೆ ಅನಿಲ ಅಲ್ಲ, ಅದು ನೈಟ್ರಸ್ ಆಕ್ಸೈಡ್, ಹೆಸರು ಹತ್ತಿರ ಇರೋದ್ರಿಂದ ನಾನೂ ಮೊದಲು ಗೊಂದಲ ಮಾಡ್ಕೊಂಡಿದ್ದೆ. ಗಾಡಿ ಹೊಗೇಲಿ ಇರತ್ತೆ ಅಂತ ಓದಿರ್ತೀವಲ್ಲ, ಅದೇ ಗ್ಯಾಸು ನಮ್ಮ ಮೈಯೊಳಗೂ ತಯಾರಾಗತ್ತೆ, ರಕ್ತನಾಳ ಸಡಿಲ ಮಾಡೋದು ಅದೇ. ಆ ಕಂಡುಹಿಡಿತಕ್ಕೇ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅಂತ ಮೂರು ಜನಕ್ಕೆ ನೊಬೆಲ್ ಬಂತು. ಮನುಷ್ಯರ ಉಸಿರಲ್ಲೂ ಇದು ಇದೆ ಅಂತ 1991ರಲ್ಲಿ ಸ್ವೀಡನ್ನಿನವ್ರು ತೋರಿಸಿದ್ರು, ಆಸ್ತಮಾ ಇರೋರ ಉಸಿರಲ್ಲಿ ಜಾಸ್ತಿ ಇರತ್ತೆ ಅಂತ 1993ರಲ್ಲಿ ಗೊತ್ತಾಯ್ತು. ಅಲರ್ಜಿ ಥರದ ಉರಿಯೂತ ಶ್ವಾಸನಾಳದಲ್ಲಿ ಇದ್ದಾಗ ಅದರ ಒಳಪದರದ ಜೀವಕೋಶಗಳು ಈ ಗ್ಯಾಸನ್ನ ಜಾಸ್ತಿ ಜಾಸ್ತಿ ಉತ್ಪಾದನೆ ಮಾಡ್ತಾವೆ, ಅದು ಉಸಿರಿನ ಜೊತೆ ಹೊರಗೆ ಬರತ್ತೆ, ಮಷೀನು ಅದನ್ನ ಹಿಡಿಯತ್ತೆ. ಅಳತೆ ಪಿಪಿಬಿ ಲೆಕ್ಕದಲ್ಲಿ, ಅಂದ್ರೆ ನೂರು ಕೋಟಿಯಲ್ಲಿ ಎಷ್ಟು ಭಾಗ ಅಂತ. ನನ್ನ ಮಗಳಿಗೆ 52 ಬಂದಿತ್ತು ಅಂದ್ರೆ ಅವಳ ಉಸಿರಿನ ನೂರು ಕೋಟಿ ಭಾಗದಲ್ಲಿ 52 ಭಾಗ ಈ ಗ್ಯಾಸು. ಇಷ್ಟು ಸಣ್ಣದನ್ನ ಕೈಯಲ್ಲಿ ಹಿಡಿಯೋ ಮಷೀನು ಅಳೆಯತ್ತಲ್ಲ ಅಂತ ನನಗೆ ಈಗಲೂ ಆಶ್ಚರ್ಯ.

ಟೆಸ್ಟ್ ಹೇಗಿರತ್ತೆ ಅಂತ ಹೇಳ್ತೀನಿ, ಮಕ್ಕಳನ್ನ ಕರ್ಕೊಂಡು ಹೋಗೋರಿಗೆ ಇದೇ ಮುಖ್ಯ ಅಲ್ವಾ. ಸೂಜಿ ಇಲ್ಲ, ರಕ್ತ ಇಲ್ಲ, ನೋವು ಅನ್ನೋದೇ ಇಲ್ಲ. ನೆಟ್ಟಗೆ ಕೂರಿಸ್ತಾರೆ, ಮೊದಲು ಒಳಗಿರೋ ಉಸಿರೆಲ್ಲ ಬಿಡಿಸ್ತಾರೆ, ಆಮೇಲೆ ಮಷೀನಿನ ಬಾಯಿಗೆ ಹೊಸ ಫಿಲ್ಟರ್ ಸಿಗಿಸಿ ಅದನ್ನ ತುಟಿಯಲ್ಲಿ ಗಟ್ಟಿಯಾಗಿ ಹಿಡ್ಕೊಂಡು ಅದರ ಮೂಲಕನೇ ಎದೆ ತುಂಬ ಉಸಿರು ಎಳ್ಕೋಬೇಕು, ಯಾಕಂದ್ರೆ ಸುತ್ತಲಿನ ಗಾಳಿಯಲ್ಲೂ ಈ ಗ್ಯಾಸ್ ಇರತ್ತೆ, ಫಿಲ್ಟರ್ ಅದನ್ನ ತೆಗೆದುಹಾಕತ್ತೆ. ಎಳ್ಕೊಂಡ ಮೇಲೆ ಹಿಡ್ಕೊಂಡು ನಿಲ್ಲಬಾರದು, ತಕ್ಷಣ ನಿಧಾನಕ್ಕೆ, ಒಂದೇ ಸಮ ಊದಬೇಕು. ಮಷೀನಿನ ಮೇಲೆ ಹೋಗತ್ತೆ ಎಷ್ಟು ಹೊತ್ತು ಅನ್ನೋದು, ನಮಗೆ ಹತ್ತು ಸೆಕೆಂಡು, ಚಿಕ್ಕ ಮಕ್ಕಳಿಗೆ ಆರು ಸೆಕೆಂಡಿನ ಮೋಡ್ ಕೂಡ ಇರತ್ತೆ.

ಕಷ್ಟ ಇರೋದು ಈ ನಿಧಾನದಲ್ಲೇ. ನನ್ನ ಮಗಳು ಮೊದಲನೇ ಸಲ ಬಲೂನ್ ಊದೋ ಹಾಗೆ ಕೆನ್ನೆ ಉಬ್ಬಿಸಿ ಜೋರಾಗಿ ಊದಿದ್ಲು, ಸ್ಕ್ರೀನಲ್ಲಿರೋ ಮೋಡ ಮೇಲಕ್ಕೆ ಹಾರಿಹೋಯ್ತು, ಬೀಪ್ ಅಂತು. ಎರಡನೇ ಸಲ ಹೆದರಿ ಮೆಲ್ಲಗೆ ಊದಿದ್ಲು, ಮೋಡ ಕೆಳಗೆ ಬಿತ್ತು. ಎರಡು ಗೆರೆ ಮಧ್ಯ ಮೋಡ ತೇಲ್ತಾ ಇರಬೇಕು, ಸೆಕೆಂಡಿಗೆ 50 ಮಿಲೀಲೀಟರ್ ವೇಗ ಅದು. ಮೂರನೇ ಸಲಕ್ಕೆ ಅವಳ ಕಣ್ಣಲ್ಲಿ ನೀರು ಬಂದಿತ್ತು. ಆಗ ಅಲ್ಲಿದ್ದ ನರ್ಸಕ್ಕ ಮಷೀನ್ ಪಕ್ಕಕ್ಕಿಟ್ಟು "ಪುಟ್ಟಿ, ಸೋಪಿನ ಗುಳ್ಳೆ ಊದಿದೀಯಾ? ಜೋರಾಗಿ ಊದಿದ್ರೆ ಏನಾಗತ್ತೆ?" ಅಂದ್ರು. "ಒಡೆದೋಗತ್ತೆ" ಅಂದ್ಲು. "ದೊಡ್ಡ ಗುಳ್ಳೆ ಬೇಕಂದ್ರೆ?" ಅವಳು ತುಟಿ ಸಣ್ಣಗೆ ಮಾಡಿ ಗಾಳೀಲೇ ಊದಿ ತೋರಿಸಿದ್ಲು. "ಅಷ್ಟೇ ಕಣೇ, ಅದನ್ನೇ ಇದರೊಳಗೆ ಊದು" ಅಂತ ಮಷೀನ್ ಕೊಟ್ರು, ಮೋಡ ಒಂಚೂರೂ ಅಲ್ಲಾಡದೆ ಗೆರೆ ಮಧ್ಯದಲ್ಲೇ ಕೊನೇವರೆಗೂ ಹೋಯ್ತು. ಆ ನರ್ಸಕ್ಕನಿಗೆ ನಾನು ಐದಕ್ಕೆ ಐದು ಕೊಡ್ತೀನಿ. ಮನೆಯಿಂದ ಹೊರಡೋಕೆ ಒಂದೆರಡು ದಿನ ಮುಂಚೆ ಸೋಪಿನ ಗುಳ್ಳೆ ಆಟ ಆಡಿಸಿ, ನಿಜವಾಗಲೂ ಕೆಲಸ ಮಾಡತ್ತೆ.

ಯಾಕೆ ಇಷ್ಟು ನಿಧಾನ ಅಂತ ನಾನು ಡಾಕ್ಟ್ರನ್ನ ಕೇಳಿದೆ. ಗ್ಯಾಸು ಶ್ವಾಸನಾಳದ ಗೋಡೆಯಿಂದ ಬರೋದು, ಉಸಿರು ರಭಸವಾಗಿ ಹೋದ್ರೆ ಗೋಡೆಯಿಂದ ಸೇರ್ಕೊಳ್ಳೋಕೆ ಟೈಮೇ ಸಿಗಲ್ಲ, ನಂಬರ್ ಕಮ್ಮಿ ಬರತ್ತೆ, ತೀರಾ ನಿಧಾನ ಆದ್ರೆ ಜಾಸ್ತಿ ಬರತ್ತೆ, ಎಲ್ಲರದ್ದೂ ಒಂದೇ ವೇಗದಲ್ಲಿ ಅಳೆದ್ರೆ ತಾನೇ ಹೋಲಿಸೋಕಾಗೋದು ಅಂದ್ರು. ಇನ್ನೊಂದು, ಊದುವಾಗ ಮಷೀನು ಸ್ವಲ್ಪ ತಡೆ ಒಡ್ಡತ್ತೆ, ಆ ಒತ್ತಡಕ್ಕೆ ಅಂಗುಳಿನ ಹಿಂಭಾಗ ಮುಚ್ಚಿಕೊಂಡು ಮೂಗಿನ ಗಾಳಿ ಸೇರದ ಹಾಗೆ ಆಗತ್ತಂತೆ. ಮೂಗು ಮತ್ತು ಸೈನಸ್ಸಲ್ಲಿ ಈ ಗ್ಯಾಸು ಶ್ವಾಸನಾಳಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರತ್ತೆ, ಅದು ಬೆರೆತ್ರೆ ಟೆಸ್ಟೇ ಕೆಟ್ಟುಹೋಯ್ತು. ಅದಕ್ಕೇ ಮೂಗಲ್ಲಿ ಉಸಿರು ಬಿಡಬಾರದು ಅಂತ ಅಷ್ಟು ಸಲ ಹೇಳೋದು.

ಈಗ ನಮಗಾದ ಬೇಜಾರಿನ ವಿಷ್ಯ. ಮೊದಲನೇ ಟೆಸ್ಟ್ ಬೇರೆ ಒಂದು ಕಡೆ ಮಾಡ್ಸಿದ್ದು, ಹೆಸರು ಬೇಡ. ಮಗಳಿಗೆ ರಾತ್ರಿ ಎರಡು ಮೂರು ಗಂಟೆಗೆ ಕೆಮ್ಮು ಶುರುವಾಗೋದು, ಬೆನ್ನಿಗೆ ಕಿವಿ ಇಟ್ರೆ ಸುಂಯ್ ಅನ್ನೋದು, ಒಂದು ಸಲ ಜೋರಾಗಿ ಬಂದು ಎಮರ್ಜೆನ್ಸಿಗೆ ಹೋಗಿ ಸ್ಟೀರಾಯ್ಡ್ ಸಿರಪ್ ಐದು ದಿನ ಕೊಟ್ಟಿದ್ವಿ. ಅದು ಮುಗಿದ ಎರಡನೇ ದಿನಕ್ಕೇ ಈ ಟೆಸ್ಟಿಗೆ ಅಪಾಯಿಂಟ್‌ಮೆಂಟು. ಮೊದಲು ಸ್ಪೈರೋಮೆಟ್ರಿ, ಅಂದ್ರೆ ಉಸಿರು ಎಷ್ಟು, ಎಷ್ಟು ರಭಸವಾಗಿ ಹೊರಗೆ ಬರತ್ತೆ ಅಂತ ಅಳೆಯೋ ಟೆಸ್ಟ್ ಮಾಡಿಸಿದ್ರು, ಜೋರಾಗಿ ಊದು ಊದು ಅಂತ ಆರೇಳು ಸಲ ಊದಿಸಿ ಸುಸ್ತು ಮಾಡಿಸಿ ಆಮೇಲೆ ಫೀನೋ. ಬಂದಿದ್ದು 16. "ನಾರ್ಮಲ್ ಇದೆ, ಆಸ್ತಮಾ ಅಲ್ಲ, ಬರೀ ಕೆಮ್ಮು" ಅಂದ್ರು. ಯಾವ ಔಷಧಿ ಕೊಟ್ಟಿದೀರಿ, ಯಾವಾಗ ನಿಲ್ಲಿಸಿದ್ರಿ ಅಂತ ಯಾರೂ ಒಂದು ಮಾತು ಕೇಳ್ಲಿಲ್ಲ. ಆಮೇಲೆ ಗೊತ್ತಾಗಿದ್ದು, ಸ್ಟೀರಾಯ್ಡ್ ತಗೊಂಡ್ರೆ ಈ ನಂಬರ್ ಸರ್ರಂತ ಇಳಿಯತ್ತೆ, ಜೊತೆಗೆ ಸ್ಪೈರೋಮೆಟ್ರಿ ಆದ ಮೇಲೆ ಸ್ವಲ್ಪ ಹೊತ್ತು ಕಮ್ಮಿ ಬರಬಹುದು, ಹಾಗಾಗಿ ಫೀನೋನೇ ಮೊದಲು ಮಾಡಬೇಕು. ಆ 16 ನಂಬ್ಕೊಂಡು ನಾವು ನಾಲ್ಕು ತಿಂಗಳು ಏನೂ ಔಷಧಿ ಇಲ್ಲದೆ ಕಳೆದ್ವಿ, ಅಷ್ಟೂ ತಿಂಗಳು ಅವಳು ಕೆಮ್ಮಿದ್ಲು. ಇದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯತ್ತೆ. ಮಷೀನ್ ತಪ್ಪು ಅಂತ ನಾನು ಹೇಳಲ್ಲ, ಮಷೀನು ಆವತ್ತು ಇದ್ದಿದ್ದನ್ನ ಸರಿಯಾಗೇ ತೋರಿಸ್ತು, ಕೇಳಬೇಕಾದ ಪ್ರಶ್ನೆ ಕೇಳದೆ ಅದನ್ನ ಓದಿದ್ದು ತಪ್ಪು. ಕಮ್ಮಿ ನಂಬರ್ ಬಂದ ಮಾತ್ರಕ್ಕೆ ಆಸ್ತಮಾ ಇಲ್ಲ ಅನ್ನೋಕೆ ಆಗಲ್ಲ, ಎಲ್ಲಾ ಆಸ್ತಮಾನೂ ಈ ಥರದ ಉರಿಯೂತದಿಂದ ಬರಲ್ಲ, ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ.

ಎರಡನೇ ಕಡೆ ಹೋದಾಗ ಮೊದಲ ಹತ್ತು ನಿಮಿಷ ಬರೀ ಪ್ರಶ್ನೆ. ಶೀತ ಇದೆಯಾ, ಒಂದು ಗಂಟೆಯಿಂದ ಏನಾದ್ರೂ ತಿಂದಿದಾಳಾ, ಓಡಾಡಿ ಆಟ ಆಡಿ ಬಂದ್ಳಾ, ಮನೇಲಿ ಸಿಗರೇಟ್ ಸೇದೋರು ಇದಾರಾ, ಮೂಗಿನ ಅಲರ್ಜಿ ಇದೆಯಾ, ಯಾವ ಔಷಧಿ ಯಾವಾಗ. ಸೊಪ್ಪು, ಬೀಟ್‌ರೂಟ್ ಥರ ನೈಟ್ರೇಟ್ ಜಾಸ್ತಿ ಇರೋದು ತಿಂದ್ರೆ ನಂಬರ್ ಏರತ್ತಂತೆ, ಅದನ್ನೂ ಕೇಳಿದ್ರು. ಫೀನೋ ಮೊದಲು, ಸ್ಪೈರೋಮೆಟ್ರಿ ಆಮೇಲೆ. 52 ಬಂತು. ಅಮೆರಿಕದ ಥೊರಾಸಿಕ್ ಸೊಸೈಟಿ, ಅಂದ್ರೆ ಶ್ವಾಸಕೋಶದ ತಜ್ಞರ ಸಂಘ, 2011ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 12 ವರ್ಷದೊಳಗಿನ ಮಕ್ಕಳಿಗೆ 20ಕ್ಕಿಂತ ಕಮ್ಮಿ ಇದ್ರೆ ಕಮ್ಮಿ, 20ರಿಂದ 35 ನಡುವೆ ಇದ್ರೆ ಉಳಿದಿದ್ದನ್ನೆಲ್ಲ ನೋಡಿ ತೀರ್ಮಾನ ಮಾಡಬೇಕು, 35 ದಾಟಿದ್ರೆ ಜಾಸ್ತಿ. ದೊಡ್ಡವರಿಗೆ ಇದೇ ಗಡಿ 25 ಮತ್ತು 50. ಬ್ರಿಟನ್ನಿನಲ್ಲಿ 2024ರಲ್ಲಿ ಬಂದ ಹೊಸ ಗೈಡ್‌ಲೈನಲ್ಲಂತೂ 5ರಿಂದ 16 ವರ್ಷದ ಮಗುವಿಗೆ ಆಸ್ತಮಾದ ಲಕ್ಷಣ ಇದ್ದು ಫೀನೋ 35 ಅಥವಾ ಜಾಸ್ತಿ ಬಂದ್ರೆ ಆಸ್ತಮಾ ಅಂತ ಹೇಳಬಹುದು ಅಂತಿದೆ, ಮೊದಲು ಮಾಡೋ ಟೆಸ್ಟೇ ಇದು. ಅದೇ ದಿನ ಅವಳ ಸ್ಪೈರೋಮೆಟ್ರಿ ಪೂರ್ತಿ ನಾರ್ಮಲ್ ಬಂದಿತ್ತು ಅನ್ನೋದು ಗಮನಿಸಿ. ನನಗೆ ಇದು ಅರ್ಥ ಆಗ್ಲಿಲ್ಲ, ಒಂದು ನಾರ್ಮಲ್ ಒಂದು ಜಾಸ್ತಿ ಹೇಗೆ ಅಂದೆ. ಸ್ಪೈರೋಮೆಟ್ರಿ, ಪೀಕ್ ಫ್ಲೋ ಥರದ ಜೋರಾಗಿ ಊದೋ ಟೆಸ್ಟೆಲ್ಲ ಈ ಹೊತ್ತಲ್ಲಿ ನಾಳ ಎಷ್ಟು ಕಿರಿದಾಗಿದೆ ಅಂತ ಹೇಳತ್ತೆ, ಫೀನೋ ಆ ನಾಳದ ಗೋಡೆ ಎಷ್ಟು ಕೆರಳಿದೆ ಅಂತ ಹೇಳತ್ತೆ, ಮಗು ಚೆನ್ನಾಗಿದ್ದ ದಿನ ನಾಳ ತೆರೆದೇ ಇರತ್ತೆ ಆದ್ರೆ ಗೋಡೆ ಕೆರಳಿದ್ದು ಹಾಗೇ ಇರಬಹುದು ಅಂದ್ರು. ಗಾಯ ಇದೆ ನೋವಿಲ್ಲ ಅನ್ನೋ ಥರ ಅಂತ ನಾನು ಅರ್ಥ ಮಾಡ್ಕೊಂಡೆ.

ದಿನಾ ತಗೊಳ್ಳೋ ಸ್ಟೀರಾಯ್ಡ್ ಇನ್ಹೇಲರ್ ಶುರು ಮಾಡಿದ್ವಿ, ಸ್ಪೇಸರ್ ಅನ್ನೋ ಕೊಳವೆಯನ್ನ ಇನ್ಹೇಲರಿಗೆ ಸಿಗಿಸಿ ಬೆಳಿಗ್ಗೆ ಎರಡು ಪಫ್ ರಾತ್ರಿ ಎರಡು ಪಫ್. ಈ ಥರ ನಂಬರ್ ಜಾಸ್ತಿ ಇರೋ ಮಕ್ಕಳಿಗೆ ಸ್ಟೀರಾಯ್ಡ್ ಇನ್ಹೇಲರ್ ಚೆನ್ನಾಗಿ ಹಿಡಿಯತ್ತೆ, ಕೆಲವು ವಾರದಲ್ಲೇ ಇಳಿಯತ್ತೆ ಅಂದಿದ್ರು. ಆರು ವಾರ ಬಿಟ್ಟು ಹೋದ್ವಿ, ಕೆಮ್ಮು ಕಮ್ಮಿ ಆಗಿತ್ತು, ನಾನು ಖುಷಿಯಲ್ಲೇ ಹೋಗಿದ್ದೆ. 55 ಬಂತು.

ನನಗೆ ಗಾಬರಿ, ಡೋಸ್ ಜಾಸ್ತಿ ಮಾಡ್ತಾರೇನೋ ಅಂತ. ಡಾಕ್ಟ್ರು ಪ್ರಿಸ್ಕ್ರಿಪ್ಷನ್ ಮುಟ್ಟಲೇ ಇಲ್ಲ, "ಇನ್ಹೇಲರ್ ತಂದಿದೀರಾ ಅಮ್ಮ, ಕೊಡಿ ನೋಡೋಣ" ಅಂದ್ರು. ಬ್ಯಾಗಿಂದ ತೆಗೆದು ಕೊಟ್ಟೆ. ಹಿಂದುಗಡೆ ಸಣ್ಣ ಕಿಟಕಿಯಲ್ಲಿ ಎಷ್ಟು ಪಫ್ ಉಳಿದಿದೆ ಅಂತ ನಂಬರ್ ಕಾಣತ್ತಲ್ಲ, ಅದನ್ನ ನನ್ನ ಕಡೆ ತಿರುಗಿಸಿದ್ರು. 34. "ಇದು 120 ಪಫ್ಪಿನದು, ದಿನಕ್ಕೆ ನಾಲ್ಕು ಅಂದ್ರೆ ಮೂವತ್ತು ದಿನಕ್ಕೆ ಖಾಲಿಯಾಗಿ ನೀವು ಎರಡನೇದು ಶುರು ಮಾಡಿ ಹನ್ನೆರಡು ದಿನ ಆಗಿರಬೇಕಿತ್ತು" ಅಂದ್ರು. 42 ದಿನಕ್ಕೆ 168 ಪಫ್ ಹೋಗಬೇಕಿತ್ತು, ಹೋಗಿದ್ದು 86. ಅರ್ಧ. ಬೈಲಿಲ್ಲ, ದನಿ ಕೂಡ ಏರಿಸ್ಲಿಲ್ಲ, ಬೆಳಿಗ್ಗೆ ಯಾರು ಕೊಡ್ತೀರಿ ರಾತ್ರಿ ಯಾರು ಕೊಡ್ತೀರಿ ಅಂತ ಕೇಳಿದ್ರು. ಬೆಳಿಗ್ಗೆ ಸ್ಕೂಲಿನ ಗಡಿಬಿಡಿಯಲ್ಲಿ ಅವಳೇ ತಗೋತಾಳೆ ಅಂತ ನಾನು ಅಂದ್ಕೊಂಡಿದ್ದೆ, ರಾತ್ರಿ ನಾನು ಕೊಟ್ಟೆ ಅಂತ ಅವಳಪ್ಪ, ಅವಳಪ್ಪ ಕೊಟ್ರು ಅಂತ ನಾನು. ಮಗಳನ್ನ ಕೇಳಿದ್ರೆ ತಲೆ ತಗ್ಗಿಸಿ "ನಂಗೆ ಚೆನ್ನಾಗೇ ಇತ್ತಲ್ಲಮ್ಮ" ಅಂದ್ಲು. ಅವಳದ್ದೇನು ತಪ್ಪು ಹೇಳಿ, ಎಂಟು ವರ್ಷದ ಮಗುಗೆ ಚೆನ್ನಾಗಿದ್ದ ದಿನನೂ ಔಷಧಿ ತಗೋಬೇಕು ಅಂದ್ರೆ ಹೇಗೆ ಅರ್ಥ ಆಗಬೇಕು. ಈ ಟೆಸ್ಟಿಗೆ ನಾನು ದುಡ್ಡು ಕೊಟ್ಟಿದ್ದು ಸಾರ್ಥಕ ಅನ್ನಿಸಿದ್ದು ಆವತ್ತೇ. ಕೆಮ್ಮು ಕಮ್ಮಿ ಆಗಿದೆ ಅಂತ ನಾವು ನೆಮ್ಮದಿಯಾಗಿದ್ವಿ, ಒಳಗಡೆ ಏನೂ ಸರಿ ಆಗಿರ್ಲಿಲ್ಲ, ಈ ನಂಬರ್ ಇಲ್ದೇ ಇದ್ರೆ ಮುಂದಿನ ಅಟ್ಯಾಕ್ ಬರೋವರೆಗೂ ಗೊತ್ತಾಗ್ತಿರಲಿಲ್ಲ. ಅಥವಾ ಔಷಧಿ ಹಿಡೀತಿಲ್ಲ ಅಂತ ಡೋಸ್ ಏರಿಸಿಬಿಡ್ತಿದ್ರು, ಬೇಕಿಲ್ಲದ ಸ್ಟೀರಾಯ್ಡ್ ಮಗು ಮೈಗೆ ಹೋಗ್ತಿತ್ತು.

ಅವತ್ತೇ ಸ್ಪೇಸರಲ್ಲಿ ತಗೊಳ್ಳೋ ರೀತಿನೂ ತೋರಿಸಿಕೊಟ್ರು. ಅದರಲ್ಲೂ ತಪ್ಪಿತ್ತು, ನಾವು ಎರಡು ಪಫ್ ಒಟ್ಟಿಗೆ ಒತ್ತಿಬಿಡ್ತಿದ್ವಿ, ಅಲ್ಲಾಡಿಸ್ತಾ ಇರ್ಲಿಲ್ಲ. ಒಂದೊಂದೇ ಪಫ್, ಪ್ರತಿ ಸಲ ಅಲ್ಲಾಡಿಸಿ, ನಿಧಾನಕ್ಕೆ ಉಸಿರು ಎಳ್ಕೊಂಡು, ಆಮೇಲೆ ಬಾಯಿ ಮುಕ್ಕಳಿಸಬೇಕು.

ಕ್ಯಾಲೆಂಡರಲ್ಲಿ ಟಿಕ್ ಹಾಕ್ಕೊಂಡು, ಕಣ್ಣೆದುರಿಗೇ ನಿಂತು ಕೊಟ್ವಿ. ಎರಡು ತಿಂಗಳಿಗೆ 23. ಅವತ್ತು ಅವಳ ಮುಖ ನೋಡಬೇಕಿತ್ತು ನೀವು, ಮಾರ್ಕ್ಸ್ ಕಾರ್ಡ್ ಹಿಡ್ಕೊಂಡ ಹಾಗೆ ಪ್ರಿಂಟ್ ಹಿಡ್ಕೊಂಡು ಅಪ್ಪನಿಗೆ ಫೋನ್ ಮಾಡಿ "ಅಪ್ಪ, 55 ಇದ್ದಿದ್ದು 23 ಆಯ್ತು" ಅಂದ್ಲು. ಡಾಕ್ಟ್ರು ಹೇಳಿದ್ದು, 50ಕ್ಕಿಂತ ಮೇಲಿದ್ದಾಗ ನೂರಕ್ಕೆ 20ರಷ್ಟು, ಅದಕ್ಕಿಂತ ಕೆಳಗಿದ್ದಾಗ 10 ಪಿಪಿಬಿ ಮೇಲೆ ಕೆಳಗೆ ಆದ್ರೆ ಮಾತ್ರ ನಿಜವಾದ ಬದಲಾವಣೆ ಅಂತ ಲೆಕ್ಕ, 23 ಇದ್ದಿದ್ದು 26 ಆಯ್ತು ಅಂತ ನಿದ್ದೆ ಕೆಡಿಸ್ಕೋಬೇಡಿ ಅಂತ. ನನ್ನಂಥವರಿಗೆ ಈ ಮಾತು ಬೇಕಾಗಿತ್ತು, ನಂಬರ್ ಕೈಗೆ ಸಿಕ್ಕಿದ್ರೆ ಅದನ್ನೇ ಹಿಡ್ಕೊಂಡು ಕೂರೋ ಸ್ವಭಾವ ಅಮ್ಮಂದಿರಿಗೆ ಇರತ್ತೆ.

ಐದನೇ ಸಲ 38 ಬಂತು. ಆದ್ರೆ ಅವಳಿಗೆ ಮೂರು ದಿನದಿಂದ ಮೂಗು ಸೋರ್ತಾ ಇತ್ತು, ವೈರಸ್ ಶೀತ ಇದ್ದಾಗ ಏರತ್ತೆ ಅಂತ ಗೊತ್ತಿತ್ತು, ಡೇಟು ಮುಂದಕ್ಕೆ ಹಾಕೋಣ್ವಾ ಅಂತ ನಾನು ಫೋನ್ ಮಾಡಿ ಕೇಳಬೇಕಿತ್ತು, ಕೇಳ್ಲಿಲ್ಲ. ಔಷಧಿ ಏನೂ ಬದಲಾಯಿಸದೆ, ಶೀತ ಹೋದ ಮೇಲೆ ಮತ್ತೆ ನೋಡೋಣ ಅಂದ್ರು. ಒಂದು ನಂಬರ್ ನೋಡಿ ತೀರ್ಮಾನ ಮಾಡದೇ ಇರೋ ಡಾಕ್ಟ್ರು ಸಿಕ್ಕಿದ್ರೆ ಬಿಡಬೇಡಿ.

ಇನ್ನು ಇದರ ಮಿತಿ ಹೇಳದೇ ಇದ್ರೆ ರಿವ್ಯೂ ಪ್ರಾಮಾಣಿಕ ಆಗಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಈ ಒಂದೇ ಸಮ ಊದೋದು ಬಹಳ ಕಷ್ಟ, ನಾವು ಕಾಯ್ತಾ ಕೂತಿದ್ದಾಗ ನಾಲ್ಕು ವರ್ಷದ ಒಂದು ಮಗು ಅರ್ಧ ಗಂಟೆ ಪ್ರಯತ್ನ ಪಟ್ಟು ಅತ್ತು ಹೋಯ್ತು, ಅಂಥ ಪುಟ್ಟ ಮಕ್ಕಳನ್ನ ಒತ್ತಾಯ ಮಾಡಬೇಡಿ. ಮೂಗಿನ ಅಲರ್ಜಿ ಮಾತ್ರ ಇರೋ ಮಕ್ಕಳಿಗೂ ಜಾಸ್ತಿ ಬರಬಹುದು. ಎತ್ತರ, ವಯಸ್ಸು ಹೆಚ್ಚಾದ ಹಾಗೆ ನಂಬರೂ ಸ್ವಲ್ಪ ಏರತ್ತೆ, ಪಕ್ಕದ ಮನೆ ಮಗು ನಂಬರಿಗೆ ನಿಮ್ಮ ಮಗುದು ಹೋಲಿಸೋದ್ರಲ್ಲಿ ಅರ್ಥ ಇಲ್ಲ. ಮುಖ್ಯವಾಗಿ, ಎಲ್ಲಾ ಮಕ್ಕಳಿಗೂ ಪ್ರತಿ ವಿಸಿಟಲ್ಲೂ ಇದನ್ನ ಮಾಡಿ ಡೋಸ್ ಏರಿಸಿ ಇಳಿಸಿ ಮಾಡಿದ್ರೆ ಅಟ್ಯಾಕ್ ಕಮ್ಮಿ ಆಗತ್ತಾ ಅನ್ನೋದಕ್ಕೆ ಉತ್ತರ ಒಂದೇ ಥರ ಇಲ್ಲ. ಮೊದಲಿನ ಹಲವು ಅಧ್ಯಯನ ಒಟ್ಟು ಸೇರಿಸಿ 2016ರಲ್ಲಿ ಇಂಥ ಅಧ್ಯಯನಗಳನ್ನ ಪರಿಶೀಲಿಸೋ ಸಂಸ್ಥೆಯಾದ ಕಾಕ್ರೇನ್‌ನವರು ನೋಡಿದಾಗ ಅಟ್ಯಾಕ್ ಆಗೋ ಮಕ್ಕಳು ಕಮ್ಮಿ ಅಂತ ಬಂತು, ದಿನನಿತ್ಯದ ಲಕ್ಷಣದಲ್ಲಿ ಅಂಥ ವ್ಯತ್ಯಾಸ ಕಾಣ್ಲಿಲ್ಲ. ಆಮೇಲೆ ಬ್ರಿಟನ್ನಿನಲ್ಲಿ 509 ಮಕ್ಕಳ ಮೇಲೆ ನಡೆದ ಅಧ್ಯಯನ 2022ರಲ್ಲಿ ಬಂತು, ಅದರಲ್ಲಿ ಫೀನೋ ನೋಡಿ ಔಷಧಿ ಕೊಟ್ಟ ಗುಂಪಲ್ಲೂ ಬರೀ ಲಕ್ಷಣ ನೋಡಿ ಕೊಟ್ಟ ಗುಂಪಲ್ಲೂ ವರ್ಷದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳಿಗೆ ಅಟ್ಯಾಕ್ ಆಗಿತ್ತು, ಅಂದ್ರೆ ದೊಡ್ಡ ಪ್ರಯೋಜನ ಕಾಣ್ಲಿಲ್ಲ. ಇದನ್ನ ಓದಿದಾಗ ನನಗೆ ಸ್ವಲ್ಪ ಕಸಿವಿಸಿ ಆಯ್ತು, ನಮ್ಮ ಅನುಭವ ಬೇರೆ ಇತ್ತಲ್ಲ. ಯೋಚನೆ ಮಾಡಿದ್ರೆ, ನಮ್ಮ ಮನೇಲಿ ಆ ನಂಬರಿಂದ ಡೋಸ್ ಬದಲಾಗಿದ್ದೇ ಇಲ್ಲ. ಬದಲಾಗಿದ್ದು ನಾವು ಔಷಧಿ ಕೊಡೋ ರೀತಿ. ನಂಬರ್ ಏರಿದ ತಕ್ಷಣ ಡೋಸ್ ಏರಿಸೋದಕ್ಕಿಂತ ಯಾಕೆ ಏರ್ತು ಅಂತ ಕೇಳೋದಕ್ಕೆ ಇದು ಒಳ್ಳೇ ಟೆಸ್ಟು ಅನ್ನೋದು ನನ್ನ ಅಭಿಪ್ರಾಯ.

ಹೋಗೋ ಮುಂಚೆ ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಒಂದು ಗಂಟೆ ಮುಂಚಿಂದ ತಿನ್ನಿಸಬೇಡಿ ಕುಡಿಸಬೇಡಿ, ಓಡಾಡ್ಸಬೇಡಿ, ದಿನಾ ಕೊಡೋ ಔಷಧಿ ಅವರು ಹೇಳದೆ ನಿಲ್ಲಿಸಬೇಡಿ, ನಿಲ್ಲಿಸಿದ್ರೆ ಮುಚ್ಚುಮರೆ ಇಲ್ದೇ ಹೇಳಿ. ಇನ್ಹೇಲರು, ಸ್ಪೇಸರು ಎರಡೂ ಬ್ಯಾಗಿಗೆ ಹಾಕ್ಕೊಳ್ಳಿ. ಹಳೇ ಪ್ರಿಂಟ್ ಎಲ್ಲ ಜೋಪಾನ ಇಟ್ಕೊಳ್ಳಿ, ಪ್ರತಿಯೊಂದರ ಹಿಂದೆ ಆವತ್ತು ಶೀತ ಇತ್ತಾ, ಯಾವ ಔಷಧಿ ನಡೀತಿತ್ತು, ಎಷ್ಟು ದಿನ ತಪ್ಪಿತ್ತು ಅಂತ ಪೆನ್ನಲ್ಲಿ ಬರೆದಿಡಿ. ನನ್ನ ಹತ್ರ ಇರೋ ಆ 16ರ ಪ್ರಿಂಟಿನ ಹಿಂದೆ ಈಗ "ಸ್ಟೀರಾಯ್ಡ್ ಸಿರಪ್ ನಿಲ್ಲಿಸಿ ಎರಡನೇ ದಿನ" ಅಂತ ಕೆಂಪು ಇಂಕಲ್ಲಿ ಬರೆದಿದೀನಿ.

ಸ್ಟಾರ್ ಕೊಡಬೇಕಂದ್ರೆ ಟೆಸ್ಟಿಗೆ ಐದಕ್ಕೆ ನಾಲ್ಕು, ಎರಡನೇ ಕಡೆಯವರಿಗೆ ಐದು, ಮೊದಲನೇ ಕಡೆಗೆ ಒಂದು. ಶೀತ ವಾಸಿಯಾಗಿದೆ, ಆರನೇ ಸಲಕ್ಕೆ ಮುಂದಿನ ವಾರ ಹೋಗ್ತಿದೀವಿ. ಮಗಳು ನಿನ್ನೆ ಸಂಜೆಯಿಂದಲೇ ಸೋಪಿನ ನೀರು ಕಲಸ್ಕೊಂಡು ಗುಳ್ಳೆ ಊದೋಕೆ ಕೂತಿದಾಳೆ.